ಪುಷ್ಯದ ನೀರು, ಮಘೆಯ ಬಿಸಿಲು: ಊರಿಗೊಂದು ಮಳೆ ಪುಸ್ತಕ ಬೇಕು

ನಮ್ಮ ಭಾಗದ ಒಕ್ಕಲು ಮಕ್ಕಳು ಮಳೆಯ ವಿಷಯ ತೆಗೆದರೆಂದರೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ಹಿಂದಿನಂಥ ಮಳೆ ಈಗ ಉಳಿದಿಲ್ಲವೆಂಬುದು. ಇನ್ನೊಂದು, ಸರಕಾರದ ಲೆಕ್ಕದಲ್ಲಿ ಮಳೆಯಾಗಿದೆ, ನಮ್ಮ ಹೊಲದಲ್ಲಿ ಆಗಿಲ್ಲವೆಂಬುದು. ಎರಡೂ ನಿಜವಿರಬಹುದು. ಆದರೆ ಹಿಂದೆ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತಿದೆ, ನಿಮ್ಮ ಹೊಲದಲ್ಲಿ ಯಾವ ತಾರೀಖಿಗೆ ಬಂತು ಎಂದು ಕೇಳಿದರೆ ಉತ್ತರ ಹೇಳುವವರು ಜಹೀರಾಬಾದ, ನಾರಾಯಣಖೇಡ, ತಾಂಡೂರು ಈ ಮೂರೂ ಕಡೆ ಹತ್ತು ಹಳ್ಳಿ ತಿರುಗಿದರೂ ಒಬ್ಬರು ಸಿಗುವುದು ಕಷ್ಟ. ಸಾಲದ ಲೆಕ್ಕ ಬರೆದಿಡುತ್ತೇವೆ. ಹಾಲಿನ ಲೆಕ್ಕ, ಆಳಿನ ಕೂಲಿಯ ಲೆಕ್ಕ ಬರೆದಿಡುತ್ತೇವೆ. ಇವೆಲ್ಲಕ್ಕೂ ಮೂಲವಾದ ಮಳೆಯನ್ನು ಮಾತ್ರ ಬಾಯಿಮಾತಿಗೆ ಬಿಟ್ಟಿದ್ದೇವೆ.

ಈ ಮಾತು ಬರೆಯುತ್ತಿರುವ ನಾನೂ ಅದೇ ಗುಂಪಿನವನಾಗಿದ್ದೆ. ಹವಾಮಾನ ಶಾಸ್ತ್ರ ಓದಿದವನಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಈಗ ಮನೆಯ ತುಂಡು ಹೊಲ ನೋಡಿಕೊಂಡಿರುವವನು. 2023ರ ಮಾರ್ಚ್ 16ರಂದು ವಿಕಾರಾಬಾದ ಜಿಲ್ಲೆಯ ಮರ್ಪಲ್ಲಿಯ ಕಡೆಗೂ ನಮ್ಮ ಜಹೀರಾಬಾದ ಭಾಗಕ್ಕೂ ಆಣೆಕಲ್ಲಿನ ಮಳೆ ಬಿತ್ತಲ್ಲ, ನೆನಪಿರಬಹುದು. ರಸ್ತೆ ಹೊಲಗಳೆಲ್ಲ ಉಪ್ಪು ಸುರಿದಂತೆ ಬೆಳ್ಳಗಾಗಿದ್ದವು. ಮರುದಿನ ಪಂಚನಾಮೆಗೆ ಬಂದವರು, ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಬಿತ್ತು, ಕಲ್ಲು ಎಷ್ಟು ದಪ್ಪ ಇದ್ದವು ಎಂದು ಕೇಳಿದಾಗ ಕಟ್ಟೆಯ ಮೇಲೆ ಕುಳಿತ ಎಂಟು ಜನ ಎಂಟು ಉತ್ತರ ಕೊಟ್ಟೆವು. ಒಬ್ಬನಿಗೆ ಕಲ್ಲು ಅಡಿಕೆಯಷ್ಟು, ಇನ್ನೊಬ್ಬನಿಗೆ ನಿಂಬೆಹಣ್ಣಿನಷ್ಟು. ಕೇಳಿದವರು ಏನು ಬರೆದುಕೊಂಡರೋ ಅವರಿಗೇ ಗೊತ್ತು. ಅಂದು ನನಗೆ ನಾಚಿಕೆಯಾಯಿತು. ಆರು ದಿನ ಬಿಟ್ಟು, ಮಾರ್ಚ್ 22ಕ್ಕೆ ಯುಗಾದಿ ಬಂತು. ಹಬ್ಬದ ದಿನ ಇನ್ನೂರು ಹಾಳೆಯ ಒಂದು ನೋಟ್‌ಬುಕ್ಕು ತಂದು ಶೋಭಕೃತು ಸಂವತ್ಸರದ ಮಳೆ ಪುಸ್ತಕವೆಂದು ಹೆಸರು ಬರೆದೆ. ಮುಂದಿನ ಯುಗಾದಿಯ ತನಕ ಅದನ್ನು ಬಿಡಲಿಲ್ಲ.

ಹಿತ್ತಲಲ್ಲಿ ಡಬ್ಬಿ ನೆಟ್ಟಾಗ ಓಣಿಯವರು ನಕ್ಕರು. "ಏನ್ರೀ ಮಾಸ್ತರ, ಡಬ್ಬ್ಯಾಗ ಅಳದ್ರ ಮುಗಿಲು ನಿಮಗ ಹೆಚ್ಚು ಕೊಡ್ತದೇನು?" ಎಂದು ನೆರೆಮನೆಯವನು ಕೇಳಿದ. ಕೊಡುವುದಿಲ್ಲ ಮಾರಾಯ, ಆದರೆ ಕೊಟ್ಟದ್ದೆಷ್ಟು ಎಂದಾದರೂ ಗೊತ್ತಾಗುತ್ತದೆ ಎಂದೆ. ಅವನಿಗೆ ಆಗ ಒಪ್ಪಿಗೆಯಾಗಲಿಲ್ಲ.

ಆ ವರ್ಷದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಪುಸ್ತಕ ಏಕೆ ಬೇಕೆಂಬುದಕ್ಕೆ ಆ ವರ್ಷಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಏಪ್ರಿಲ್ ಕೊನೆಯ ವಾರದಲ್ಲಿ ತೆಲಂಗಾಣದ ತುಂಬ ಅಕಾಲದ ಮಳೆ ಬಿತ್ತು. ಕಣದಲ್ಲಿದ್ದ ರಾಶಿ ತೋಯ್ದವರು ಅತ್ತರು, ನೆಲ ಮಾಗಿ ಉಳುವವರು ನಕ್ಕರು. ಬಳಿಕ ಮೇ ತಿಂಗಳ 25ಕ್ಕೆ ರೋಹಿಣಿ ಬಂತು. ರೋಹಿಣಿ ಹೊಯ್ದರೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ನಂಬಿ ಬೀಜದ ಮಡಕೆಯ ಬಾಯಿ ಬಿಚ್ಚಿದವರಿದ್ದರು. ಆದರೆ ಮುಂಗಾರು ಕೇರಳಕ್ಕೇ ಜೂನ್ 8ಕ್ಕೆ ಬಂದಿತು, ಅಂದರೆ ವಾಡಿಕೆಗಿಂತ ಒಂದು ವಾರ ತಡ. ಅದೇ ದಿನ ನಮ್ಮಲ್ಲಿ ಮೃಗ ಹೂಡಿತು. ಮೃಗದ ಹದಿನಾಲ್ಕು ದಿನವೂ ಬೇಸಿಗೆಯ ಝಳವೇ ಮುಂದುವರಿಯಿತು. ಜೂನ್ 22ಕ್ಕೆ ಮುಂಗಾರು ತೆಲಂಗಾಣ ಪ್ರವೇಶಿಸಿತೆಂದು ಹವಾಮಾನ ಇಲಾಖೆ ಸಾರಿತು. ಪಂಚಾಂಗ ತೆಗೆದು ನೋಡಿದರೆ ಅಂದೇ ಆರಿದ್ರೆ. ಇಲಾಖೆಯೂ ಪಂಚಾಂಗವೂ ಒಂದೇ ದಿನ ಬಾಗಿಲು ತಟ್ಟಿದ್ದು ಕಂಡು ನನಗೆ ಸಂತೋಷವೇ ಆಯಿತು. ಪ್ರತಿ ವರ್ಷ ಹೀಗಾಗುತ್ತದೆಂದು ಮಾತ್ರ ಯಾರೂ ತಿಳಿಯಬಾರದು.

ಇಲ್ಲಿ ಒಂದು ಮಾತು. ನಕ್ಷತ್ರದ ಮಳೆಯನ್ನು ಮೂಢನಂಬಿಕೆಯೆಂದು ತಳ್ಳುವವರು ಸೂರ್ಯನನ್ನು ಮರೆಯುತ್ತಾರೆ. ಮೃಗ, ಆರಿದ್ರೆ ಎಂಬುವು ಸೂರ್ಯ ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಹೆಸರುಗಳು. ಅದು ಒಕ್ಕಲುತನಕ್ಕೆ ಹೇಳಿ ಮಾಡಿಸಿದ ಕ್ಯಾಲೆಂಡರು. ತಿಂಗಳು ಎಂದರೆ ಬಿತ್ತುವವನಿಗೆ ತೀರ ಉದ್ದ, ವಾರ ಎಂದರೆ ತೀರ ಗಿಡ್ಡ. ಆದರೆ ಸೂರ್ಯ ನಕ್ಷತ್ರ ಪ್ರವೇಶಿಸುವ ದಿನ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತಿದೆ. ಮುತ್ತಜ್ಜನ ಮೃಗವೂ ನಮ್ಮ ಮೃಗವೂ ಒಂದೇ ತಾರೀಖಿನವಲ್ಲ. ಇನ್ನು ಮಳೆಯ ವಾಹನ ಕಪ್ಪೆಯೋ ಕತ್ತೆಯೋ ಆನೆಯೋ ಎಂಬ ಜಗಳವಿದೆಯಲ್ಲ, ಅದನ್ನು ನಾನು ಪುಸ್ತಕದ ಬಲಗಡೆಯ ಹಾಳೆಯಲ್ಲಿ ಬರೆದು, ಎಡಗಡೆಯಲ್ಲಿ ಡಬ್ಬಿಯ ಲೆಕ್ಕ ಬರೆದೆ. ಯಾರ ಮಾತು ನಿಂತಿತು ಎಂಬುದನ್ನು ಓದುಗರೇ ತಮ್ಮ ಪುಸ್ತಕದಲ್ಲಿ ಪರೀಕ್ಷಿಸಿಕೊಳ್ಳಲಿ.

ಆರಿದ್ರೆಯ ಹದಕ್ಕೆ ಹೆಸರು, ಉದ್ದು, ತೊಗರಿ ಬಿತ್ತಿದೆವು. ಪುನರ್ವಸು ಮುಗಿಯುತ್ತ ಬಂದಾಗ ಮೋಡ ಮುಗಿಬಿದ್ದಿತು. ಜುಲೈ ಮೂರನೆಯ ವಾರದಿಂದ ಪುಷ್ಯದ ಮಳೆ ಹಿಡಿದುಕೊಂಡಿತು ನೋಡಿ, ತೆಲಂಗಾಣದಲ್ಲಿ ಅಂಥ ಜುಲೈಯನ್ನು ಕಂಡವರು ವಿರಳ. ಪೂರ್ವದ ಮುಲುಗು ಜಿಲ್ಲೆಯ ಲಕ್ಷ್ಮೀದೇವಿಪೇಟೆಯಲ್ಲಿ ಒಂದೇ ದಿನಕ್ಕೆ 600 ಮಿಲಿಮೀಟರಿಗೂ ಮಿಕ್ಕಿ ಸುರಿಯಿತು. ನಮ್ಮ ಕಡೆ ವರ್ಷವಿಡೀ ಬರುವ ಮಳೆಯೇ 800, 900ರ ಸುತ್ತಮುತ್ತ ಎಂಬುದನ್ನು ನೆನೆದರೆ ಅದರ ಭೀಕರತೆ ತಿಳಿದೀತು. ನಮ್ಮಲ್ಲಿ ಅಷ್ಟು ಬರಲಿಲ್ಲ, ಆದರೂ ಯರಿ ಹೊಲಕ್ಕೆ ಕಾಲಿಡುವಂತಿರಲಿಲ್ಲ. ಎಡೆ ಹೊಡೆಯಲು ಬಿಡುವಿಲ್ಲದೆ ಕಸ ಬೆಳೆಯ ತಲೆ ಮೀರಿತು. ತಗ್ಗಿನಲ್ಲಿ ನೀರು ನಿಂತ ಕಡೆ ತೊಗರಿ ಹಳದಿ ತಿರುಗಿತು.

ಆಗಸ್ಟ್ 3ಕ್ಕೆ ಆಶ್ಲೇಷ ಬಂತು. ಮಳೆ ನಿಂತಿತು. ಒಳ್ಳೆಯದೇ ಆಯಿತು, ಎಡೆ ಹೊಡೆಯೋಣ ಎಂದೆವು. ಹೊಡೆದೆವು. ಆಮೇಲೆ ಮುಗಿಲು ನೋಡುತ್ತ ಕುಳಿತೆವು. 17ಕ್ಕೆ ಮಘೆ ಹೂಡಿತು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎನ್ನುತ್ತಾರೆ. ಆ ವರ್ಷ ಮಘೆ ಬರಲೇ ಇಲ್ಲವೆಂದರೂ ಸಲ್ಲುತ್ತದೆ. ಅದು ನಮ್ಮೊಬ್ಬರ ಪಾಡಾಗಿರಲಿಲ್ಲ. 1901ರಿಂದ ದೇಶದ ಮಳೆ ಲೆಕ್ಕ ಇಟ್ಟಿದ್ದಾರೆ, ಅಷ್ಟೂ ವರ್ಷಗಳಲ್ಲಿ ಅತಿ ಒಣಗಿದ ಆಗಸ್ಟ್ ಎಂದರೆ 2023ರದೇ. ದೇಶದ ಸರಾಸರಿಗಿಂತ ನೂರಕ್ಕೆ 36 ಪಾಲು ಕಡಿಮೆ. ಪೆಸಿಫಿಕ್ ಮಹಾಸಾಗರದ ನೀರು ಬೆಚ್ಚಗಾಗುವ ಎಲ್ ನಿನ್ಯೋ ಎಂಬ ಸ್ಥಿತಿ ಆ ವರ್ಷ ಬಲಗೊಂಡಿತ್ತು. ಅದು ಬಲಗೊಂಡ ಬಹಳಷ್ಟು ವರ್ಷಗಳಲ್ಲಿ ನಮ್ಮ ಮುಂಗಾರು ಹೀಗೆ ನಡುವೆ ಕೈಕೊಡುತ್ತದೆ.

ನನ್ನ ಪುಸ್ತಕದಲ್ಲಿ ಆ ತಿಂಗಳ ಹಾಳೆ ಸೊನ್ನೆಗಳಿಂದ ತುಂಬಿದೆ. ಬೆಳಿಗ್ಗೆ ಎದ್ದು ಖಾಲಿ ಡಬ್ಬಿ ನೋಡಿ ಸೊನ್ನೆ ಬರೆಯುವುದು ಬೇಸರದ ಕೆಲಸ. ನಡುವೆ ಎರಡು ಸಲ ಬಿಡಬೇಕೆಂದುಕೊಂಡೆ. ಆದರೆ ಈಗ ನೋಡಿದರೆ ಇಡೀ ಪುಸ್ತಕದಲ್ಲಿ ಬೆಲೆಬಾಳುವ ಹಾಳೆ ಅದೇ.

ಹೇಗೆಂದರೆ, ನಮ್ಮ ಜಹೀರಾಬಾದದ ಕಡೆ ಬೀದರಿನಿಂದ ಬಂದ ಕೆಂಪು ಜಂಬಿಟ್ಟಿಗೆಯ ನೆಲವೂ ಇದೆ, ಯರಿ ನೆಲವೂ ಇದೆ. ನನ್ನದೇ ಹೊಲದಲ್ಲಿ ಮೇಲಿನ ಪಟ್ಟಿ ಕೆಂಪು, ಕೆಳಗಿನದು ಕಪ್ಪು. ಕೆಂಪು ನೆಲ ಎಂಥ ಮಳೆಯನ್ನೂ ಕುಡಿದು ಕೆಳಗೆ ಬಿಡುತ್ತದೆ. ಕಪ್ಪು ನೆಲ ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪ ಕೊಡುತ್ತದೆ. ಎರಡರ ಮೇಲೂ ಬಿದ್ದ ಮಳೆ ಒಂದೇ, ಡಬ್ಬಿಯೂ ಒಂದೇ. ಆದರೆ ಕೆಂಪಿನಲ್ಲಿದ್ದ ಹೆಸರು ಮಳೆಯಿಲ್ಲದ ಎರಡನೆಯ ವಾರಕ್ಕೇ ಮಧ್ಯಾಹ್ನ ಎಲೆ ಮಡಚತೊಡಗಿತು, ಮೂರನೆಯ ವಾರಕ್ಕೆ ಕಾಯಿ ಜೊಳ್ಳಾಯಿತು. ಕಪ್ಪಿನಲ್ಲಿದ್ದ ತೊಗರಿ ನೆಲ ಬಾಯಿಬಿಟ್ಟರೂ ಬೇರು ಆಳಕ್ಕೆ ಬಿಟ್ಟು ಜೀವ ಹಿಡಿಯಿತು. ನಡುವೆ ತೊಗರಿಯೊಡನೆ ಬಿತ್ತಿದ್ದ ಎರಡು ಸಾಲು ನವಣೆ, ಸಜ್ಜೆ ಬಾಡಿದರೂ ಸಾಯಲಿಲ್ಲ. ಎಷ್ಟು ಮಳೆ ಬಂತು ಎಂಬುದಕ್ಕಿಂತ ಎಷ್ಟು ದಿನ ಬರಲಿಲ್ಲ ಎಂಬುದು ಬೆಳೆಯ ಹಣೆಬರಹವಾಗಿತ್ತು. ಈ ದಿನಗಳನ್ನು ಎಣಿಸಿ ಬರೆದಿಟ್ಟವನು ಮುಂದಿನ ಸಲ ಕೆಂಪು ಪಟ್ಟಿಗೆ ಯಾವ ಬೀಜ ಹಾಕಬೇಕು, ಎಲ್ಲಿ ಕಸಕಡ್ಡಿಯ ಹೊದಿಕೆ ಬೇಕು, ಬಾವಿಯಲ್ಲಿದ್ದ ಅಷ್ಟಿಷ್ಟು ನೀರನ್ನು ಯಾವ ದಿನಕ್ಕೆ ಬಿಡಬೇಕು ಎಂಬುದನ್ನು ಲೆಕ್ಕ ಹಾಕಬಲ್ಲ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಣ್ಣುಮಕ್ಕಳು ನಾಲ್ಕು ದಶಕಗಳಿಂದ ಒಂದೇ ಹೊಲದಲ್ಲಿ ಹಲವು ಕಾಳು ಬೆರೆಸಿ ಬಿತ್ತುತ್ತ ಬಂದಿರುವುದರ ಹಿಂದೆ ಇದೇ ಲೆಕ್ಕವಿದೆ. ಅವರು ಅದನ್ನು ಕಾಗದದ ಮೇಲೆ ಬರೆಯದೆ ಬೀಜದ ಗಡಿಗೆಯಲ್ಲಿ ಇಟ್ಟಿದ್ದಾರೆ.

ಆಗಸ್ಟ್ 31ಕ್ಕೆ ಹುಬ್ಬಿ ಹೂಡಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳೆ ಮತ್ತೆ ಬಂತು. ಬಂದು ಹೋಯಿತು. ಹಿಂಗಾರಿಗೆ ಅಕ್ಟೋಬರ್ ಒಣಗಿಯೇ ಇತ್ತು. ಸ್ವಾತಿ ಮಳೆಗೆ ಮುತ್ತಿನಂಥ ಜೋಳ ಎಂಬುದು ಆ ವರ್ಷ ಗಾದೆಯಾಗಿಯೇ ಉಳಿಯಿತು. ಜೋಳ, ಕಡಲೆ, ಕುಸುಬಿ ಬಿತ್ತಿದವರು ನೆಲದ ಹಸಿ ನಂಬಿ ಬಿತ್ತಿದರು. ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಜೋಳ ಎದೆಯುದ್ದ ಇರಬೇಕಾದಲ್ಲಿ ಮೊಣಕಾಲುದ್ದ ಇತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವರ್ಷ ಮುಗಿದ ಮೇಲೆ ಲೆಕ್ಕ ಕೂಡಿಸಿದರೆ ಏನಾಯಿತು? ಜುಲೈ ತಿಂಗಳ ಅತಿಮಳೆ ಆಗಸ್ಟಿನ ಸೊನ್ನೆಯನ್ನು ಮುಚ್ಚಿಬಿಟ್ಟಿತು. ತೆಲಂಗಾಣದ ಮುಂಗಾರಿನ ಮೊತ್ತ ಸಾಮಾನ್ಯಕ್ಕೆ ಕಡಿಮೆಯಾಗಲಿಲ್ಲ. ಕಾಗದದ ಮೇಲೆ ಸುಭಿಕ್ಷ. ಗಡಿಯಾಚೆ ಕರ್ನಾಟಕದಲ್ಲಿ ಅದೇ ವರ್ಷ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಎಲ್ಲ ತಾಲ್ಲೂಕಿನ ಮಳೆಯೂ ಒಂದೇ ಆಗಿತ್ತೆಂದು ನಾನು ಹೇಳುವುದಿಲ್ಲ. ಕರ್ನಾಟಕದ ಬಹುಭಾಗದಲ್ಲಿ ಕೊರತೆ ನಮಗಿಂತ ಘೋರವಾಗಿತ್ತು ಎಂಬುದೂ ನಿಜ. ಆದರೆ ಗಮನಿಸಬೇಕಾದ ಸಂಗತಿ ಬೇರೆಯಿದೆ. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಬರ ನಿರ್ವಹಣೆಯ ಕೈಪಿಡಿಯಲ್ಲಿ ಮೊತ್ತದ ಕೊರತೆಯೊಂದೇ ಬರದ ಗುರುತಲ್ಲ. ವಾರದ ಮಳೆ ಸಾಮಾನ್ಯದ ಅರ್ಧಕ್ಕಿಂತ ಕಡಿಮೆಯಾಗಿ ಮೂರು ನಾಲ್ಕು ವಾರ ಸತತವಾಗಿ ನಡೆದರೆ ಅದೂ ಒಂದು ಗುರುತು. ಈ ಗುರುತನ್ನು ತೋರಿಸಬೇಕಾದರೆ ವಾರವಾರದ ಲೆಕ್ಕ ಬೇಕು. ಆಚೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳಿವೆ. ಒಟ್ಟು ಆರು ಸಾವಿರಕ್ಕೂ ಮಿಕ್ಕಿ. ಈಚೆ ತೆಲಂಗಾಣದಲ್ಲಿಯೂ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಸಾವಿರದಷ್ಟಿವೆ, ಅವುಗಳ ಕೆಲಸವೂ ಚೆನ್ನಾಗಿದೆ. ಚಳಿಗಾಲ ಬಂತೆಂದರೆ ಇಡೀ ರಾಜ್ಯದಲ್ಲಿ ಅತಿ ಚಳಿಯ ಊರೆಂದು ನಮ್ಮ ಕೊಹೀರಿನ ಹೆಸರು ಪತ್ರಿಕೆಗಳಲ್ಲಿ ಬರುವುದು ಅಂಥ ಕೇಂದ್ರದಿಂದಲೇ. ಆದರೆ ಅವು ಮಂಡಲಕ್ಕೆ ಒಂದೋ ಎರಡೋ. ಒಂದು ಮಂಡಲದಲ್ಲಿ ಎಷ್ಟು ಹಳ್ಳಿ? ಮುಂಗಾರಿನ ಗುಡುಗು ಮಳೆ ಎತ್ತಿನ ಒಂದು ಕೋಡು ತೋಯಿಸಿ ಇನ್ನೊಂದನ್ನು ಬಿಡುವಂಥದು. ನಾನು ಎರಡನೆಯ ಡಬ್ಬಿಯನ್ನು ಅರ್ಧ ಮೈಲಿ ಆಚೆಯ ಹೊಲದಲ್ಲಿಟ್ಟಿದ್ದೆ. ಹುಬ್ಬಿಯ ಒಂದು ಸಂಜೆ ಮನೆಯ ಡಬ್ಬಿ ಅರ್ಧ ತುಂಬಿತ್ತು, ಹೊಲದ ಡಬ್ಬಿಯ ತಳ ಒದ್ದೆಯಾಗಿತ್ತು ಅಷ್ಟೆ. ಹೀಗಿರುವಾಗ ಮಂಡಲದ ಅಂಕಿ ನನ್ನ ತೊಗರಿಯ ಅಂಕಿ ಹೇಗಾದೀತು?

ಬೆಳೆವಿಮೆಯ ಮಾತು ಬಂದಾಗ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಿಂದ ತೆಲಂಗಾಣ 2020ರಲ್ಲಿ ಹೊರಗೆ ಬಂದಿತು. ಹಾಗಾಗಿ 2023ರಲ್ಲಿ ಚಿಂಚೋಳಿ, ಸೇಡಂ ಕಡೆಯ ತೊಗರಿಯವನಿಗೆ ಒಂದು ವಿಮೆಯ ಕಾಗದವಾದರೂ ಇದ್ದಿತು, ಕಾಗಿಣಾ ನದಿಯ ಮೇಲ್ಭಾಗದ ತಾಂಡೂರಿನವನಿಗೆ ಅದೂ ಇರಲಿಲ್ಲ. 2022ರ ಡಿಸೆಂಬರದಲ್ಲಿ ತಾಂಡೂರಿನ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಹೆಮ್ಮೆಯ ವಿಷಯವೇ ಸರಿ. ಮರುವರ್ಷದ ಹಂಗಾಮಿನಲ್ಲಿ ಧಾರಣೆ ಕ್ವಿಂಟಲಿಗೆ ಹತ್ತು ಸಾವಿರ ದಾಟಿತು. ಸರಕಾರದ ಬೆಂಬಲ ಬೆಲೆ ಏಳು ಸಾವಿರವಿತ್ತು. ಹೆಸರಿಗೆ ಮಾನ, ಧಾರಣೆಗೆ ಏರಿಕೆ, ಆದರೆ ಬಹಳ ಮಂದಿಯ ಕಣದಲ್ಲಿ ಮಾರುವಷ್ಟು ಚೀಲಗಳಿರಲಿಲ್ಲ. ನಾಳೆ ಯಾವುದೇ ಸರಕಾರ ಯಾವುದೇ ಹೆಸರಿನ ವಿಮೆ ತಂದರೂ ಮೊದಲ ಪ್ರಶ್ನೆ ನಿಮ್ಮೂರಲ್ಲಿ ಎಷ್ಟು ದಿನ ಮಳೆಯಿರಲಿಲ್ಲ ಎಂಬುದೇ ಆಗಿರುತ್ತದೆ. ಆಗಲೂ ಎಂಟು ಜನ ಎಂಟು ಉತ್ತರ ಕೊಡೋಣವೆ?

ಖಾಸಗಿಯವರು ಬರೆದ ಲೆಕ್ಕಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲ ಎಂದು ಕೆಲವರು ಹೇಳಿಯಾರು. ಒಬ್ಬನ ಪುಸ್ತಕಕ್ಕೆ ಇಲ್ಲದಿರಬಹುದು. ತಹಸೀಲು ಕಚೇರಿಯ ಅಂಗಳದಲ್ಲಿ ಐದು ಅಂಗುಲ ಬಾಯಿಯ ಮಳೆಮಾಪಕವನ್ನು ಹಳಬರು ನೋಡಿರಬಹುದು. ಅದಕ್ಕೆ ಸೈಮನ್ಸ್ ಮಾಪಕವೆಂದು ಹೆಸರು. ಆ ಸೈಮನ್ಸ್ ಎಂಬಾತ 1860ರಲ್ಲಿ ಬ್ರಿಟನ್ನಿನ 168 ಕಡೆಗಳಿಂದ ಮಳೆಯ ಲೆಕ್ಕ ಕೂಡಿಸಲು ಆರಂಭಿಸಿದನು. ಬರೆದು ಕಳಿಸುತ್ತಿದ್ದವರು ಪಾದ್ರಿಗಳು, ವೈದ್ಯರು, ಶಾಲೆಯವರು, ಹೊಲದವರು. ಸಂಬಳವಿಲ್ಲದ ಹವ್ಯಾಸಿಗಳೇ ಹೆಚ್ಚು. 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಬರೆಯುವವರು ಮೂರು ಸಾವಿರಕ್ಕೂ ಮಿಕ್ಕಿದ್ದರು. ನಮ್ಮ ಕರಾವಳಿಯ ಅಡಿಕೆ ತೋಟದವರಲ್ಲಿಯೂ ದಶಕಗಳಿಂದ ಒಂದು ದಿನ ತಪ್ಪದೆ ಮಳೆ ಬರೆದವರಿದ್ದಾರೆ. ಅವರ ಊರಿನ ಮಳೆಯ ವಿಷಯ ಬಂದಾಗ ಪತ್ರಿಕೆಯವರು ಅವರನ್ನೇ ಕೇಳುತ್ತಾರೆ. ಒಂದು ಮಂಡಲದಲ್ಲಿ ಇಪ್ಪತ್ತು ಹಳ್ಳಿಯ ಇಪ್ಪತ್ತು ಪುಸ್ತಕಗಳು ಒಂದೇ ಮಾತು ಹೇಳಿದರೆ ಯಾವ ಅಧಿಕಾರಿಯೂ ಅದನ್ನು ಸುಲಭವಾಗಿ ಬದಿಗೆ ಸರಿಸಲಾರ.

ಮಾಡುವುದು ಕಷ್ಟವಲ್ಲ. ಬಾಯಿ ಮತ್ತು ತಳ ಒಂದೇ ಅಗಲವಿರುವ, ನೆಟ್ಟಗಿನ ಗೋಡೆಯ ಡಬ್ಬಿ ಬೇಕು. ಮೇಲೆ ಅಗಲ, ಕೆಳಗೆ ಕಿರಿದಾದ ಪಾತ್ರೆಯಿಟ್ಟು ನೀರಿನ ಆಳ ಅಳೆದರೆ ಲೆಕ್ಕ ಪೂರಾ ತಪ್ಪುತ್ತದೆ. ಬಯಲಿನಲ್ಲಿ ಗೋಡೆ ಮರಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿ, ಬಾಯಿ ನೆಲದಿಂದ ಒಂದಡಿ ಮೇಲಿರುವಂತೆ ನೆಟ್ಟು ಸುತ್ತ ಮುಳ್ಳು ಕಟ್ಟಬೇಕು. ಮುಳ್ಳು ಕಟ್ಟದಿದ್ದುದರಿಂದ ಆರಿದ್ರೆಯ ಮೊದಲ ಮಳೆಯನ್ನು ನಮ್ಮ ಮನೆಯ ಆಡು ಕುಡಿದುಬಿಟ್ಟಿತು. ದಿನಾ ಮುಂಜಾನೆ ಎಂಟೂವರೆಗೆ ನೋಡತಕ್ಕದ್ದು, ಇಲಾಖೆಯವರೂ ಅದೇ ಹೊತ್ತಿಗೆ ನೋಡುತ್ತಾರೆ. ಶಾಲೆಯ ಅಳತೆಪಟ್ಟಿಯಲ್ಲಿ ನೀರು ಹತ್ತು ಮಿಲಿಮೀಟರ್ ನಿಂತಿದ್ದರೆ ಮಳೆ ಹತ್ತು ಮಿಲಿಮೀಟರ್. ಅಳೆದು ಚೆಲ್ಲಬೇಕು. ಎರಡೂವರೆ ಮಿಲಿಮೀಟರಿಗೆ ಕಡಿಮೆಯಿದ್ದರೆ ಇಲಾಖೆ ಅದನ್ನು ಮಳೆಯ ದಿನವೆಂದು ಎಣಿಸುವುದಿಲ್ಲ. ನೀವಾದರೋ ಅದನ್ನೂ ಬರೆಯಿರಿ. ಎಷ್ಟು ಹೊತ್ತು ಬಿತ್ತು ಎಂಬುದನ್ನೂ ಬರೆಯಿರಿ, ಏಕೆಂದರೆ ಒಂದು ತಾಸಿನಲ್ಲಿ ಸುರಿದು ಹಳ್ಳ ಸೇರಿದ ಐವತ್ತು ಮಿಲಿಮೀಟರಿಗಿಂತ ಮೂರು ದಿನ ಜಿನುಗಿದ ಇಪ್ಪತ್ತು ಲೇಸು. ಬರೆಯಲು ಸೊನ್ನೆಯಿದ್ದರೆ ಸೊನ್ನೆಯನ್ನೇ ಬರೆಯಿರಿ, ಹಾಳೆ ಖಾಲಿ ಬಿಡಬೇಡಿ.

ಮಿಲಿಮೀಟರ್ ಎಂದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್ ನೀರು. ಹದಿನೈದು ಲೀಟರಿನ ಕೊಡದಲ್ಲಿ ಹೊತ್ತರೆ 270 ಕೊಡ. ಇಪ್ಪತ್ತೈದು ಮಿಲಿಮೀಟರ್ ಬಂದರೆ ಲಕ್ಷ ಲೀಟರ್ ದಾಟಿತು. ಇದನ್ನು ಹೇಳಿದ ಮೇಲೆ ನಗುತ್ತಿದ್ದ ನೆರೆಮನೆಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಮ್ ಹೊಲ್ದಾಗೂ ಒಂದು ಹೂಳ್ರಿ" ಎಂದ. ಈಗ ಅವನ ಮಗಳು ಬರೆಯುತ್ತಾಳೆ. ಅವಳು ಓದುವುದು ತೆಲುಗು ಶಾಲೆಯಲ್ಲಿ. ಮೃಗ, ಆರಿದ್ರೆ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಎಂದು ಅಜ್ಜಿಯನ್ನು ಕೇಳಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆಯುವುದನ್ನು ಆ ಪುಸ್ತಕದಲ್ಲೇ ಕಲಿತಳು. 1956ರಲ್ಲಿ ಬೀದರಿನಿಂದ ಜಹೀರಾಬಾದ, ನಾರಾಯಣಖೇಡಗಳನ್ನೂ, ಗುಲಬರ್ಗಾದಿಂದ ತಾಂಡೂರನ್ನೂ ಬೇರೆ ಮಾಡಿದಾಗ ಕಡತಗಳ ಭಾಷೆ ಬದಲಾಯಿತು. ಹೊಲದಲ್ಲಿ ಮಳೆಯ ಹೆಸರುಗಳು ಹಾಗೇ ಉಳಿದವು.

ಇಷ್ಟೆಲ್ಲ ಹೇಳಿದ ನನ್ನ ಪುಸ್ತಕದಲ್ಲಿಯೂ ಒಂದು ದೊಡ್ಡ ಲೋಪವಿದೆ. 2023ರ ಪುಷ್ಯದಲ್ಲಿ ಎರಡು ರಾತ್ರಿ ನನ್ನ ಸಣ್ಣ ಡಬ್ಬಿ ತುಂಬಿ ಹೊರಚೆಲ್ಲಿತು. ಮುಂಜಾನೆ ನೋಡಿದರೆ ಬಾಯಿಮಟ್ಟ ನೀರು. ಎಷ್ಟು ಬಂತೋ ದೇವರೇ ಬಲ್ಲ. "ತುಂಬಿ ಚೆಲ್ಲಿತು" ಎಂದಷ್ಟೇ ಬರೆದಿದ್ದೇನೆ. ಜಹೀರಾಬಾದ, ಝರಾಸಂಗಂ, ನ್ಯಾಲಕಲ್ ಕಡೆಯ ಯಾರಾದರೂ ಆ ವರ್ಷದ ಜುಲೈ ತಿಂಗಳ ಕೊನೆಯ ಹತ್ತು ದಿನಗಳ ಮಳೆಯನ್ನು ಸರಿಯಾಗಿ ಅಳೆದು ಬರೆದಿಟ್ಟಿದ್ದರೆ ಈ ಪುಟಕ್ಕೆ ಕಾಗದ ಹಾಕಿ ತಿಳಿಸಬೇಕು. ಅವರ ಅಂಕಿಯನ್ನು ಅವರ ಊರಿನ ಹೆಸರಿನೊಡನೆ ನನ್ನ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಳ್ಳುತ್ತೇನೆ.